ಕೆಂಪು ಹೋದ ಮೇಲೂ ಹನಿ ಯಾಕೆ? ಕಣ್ಣೊಳಗಿನ ಉರಿಯೂತಕ್ಕೆ ಒಂದು ಮಾರ್ಗದರ್ಶಿ

“ಕಣ್ಣು ಕೆಂಪಗಿತ್ತು. ಡಾಕ್ಟರ್ ಹನಿ ಬರೆದುಕೊಟ್ಟರು. ನಾಲ್ಕೇ ದಿನಕ್ಕೆ ಸರಿಹೋಯಿತು. ಆದರೂ ಒಂದೂವರೆ ತಿಂಗಳು ಹಾಕಬೇಕಂತೆ. ನಿಲ್ಲಿಸಿದರೆ ಏನಾಗುತ್ತೆ?”

ಈ ಪ್ರಶ್ನೆ ನನಗೆ ಬರದ ತಿಂಗಳಿಲ್ಲ. ಕೇಳುವವರ ಊರು ಬೇರೆ, ವಯಸ್ಸು ಬೇರೆ, ಪ್ರಶ್ನೆ ಮಾತ್ರ ಇದೇ. ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಉತ್ತರಿಸುವ ಬದಲು ಎಲ್ಲವನ್ನೂ ಒಂದೇ ಕಡೆ ಬರೆದಿಡುತ್ತಿದ್ದೇನೆ. ನಾನು ಡಾಕ್ಟರ್ ಅಲ್ಲ. ನನ್ನ ತಂಗಿಗೆ ಹನ್ನೊಂದು ವರ್ಷದಿಂದ ಈ ಕಾಯಿಲೆ ಬಂದು ಹೋಗಿ ಮಾಡುತ್ತಿದೆ. ಅವಳ ಜೊತೆ ಕಣ್ಣಾಸ್ಪತ್ರೆಯ ಬೆಂಚಿನ ಮೇಲೆ ಕೂತು, ಕೇಳಿ, ಓದಿ ಕಲಿತದ್ದು ಇದು. ನಿಮ್ಮ ಡಾಕ್ಟರ್ ಹೇಳುವ ಮಾತು ಸರಿಯಾಗಿ ಅರ್ಥವಾಗಲಿ ಅಂತ ಬರೆದಿದ್ದೇನೆ. ಅವರ ಬಳಿ ಹೋಗುವುದು ತಪ್ಪಲಿ ಅಂತಲ್ಲ.

ಮೊದಲು ಕಾಯಿಲೆಯ ಹೆಸರು. ಚೀಟಿಯಲ್ಲಿ ‘ಯುವಿಯೈಟಿಸ್’ ಅಂತಲೋ ‘ಐರೈಟಿಸ್’ ಅಂತಲೋ ಬರೆದಿರುತ್ತಾರೆ. ಕಣ್ಣುಗುಡ್ಡೆಯ ಗೋಡೆಗೆ ಮೂರು ಪದರಗಳಿವೆ. ಹೊರಗಡೆಯದು ಗಟ್ಟಿಯಾದ ಬಿಳಿ ಪದರ, ಅದರ ಮುಂಭಾಗದಲ್ಲಿ ಗಾಜಿನಂಥ ಕಾರ್ನಿಯಾ. ಒಳಗಡೆಯದು ಚಿತ್ರ ಹಿಡಿಯುವ ರೆಟಿನಾ. ಇವೆರಡರ ನಡುವೆ ರಕ್ತನಾಳಗಳು ಕಿಕ್ಕಿರಿದ, ಬಣ್ಣ ತುಂಬಿದ ಪದರವೊಂದಿದೆ. ಅದೇ ಯುವಿಯಾ. ಲ್ಯಾಟಿನ್ ಭಾಷೆಯಲ್ಲಿ ‘ಯುವಾ’ ಅಂದರೆ ದ್ರಾಕ್ಷಿ. ಹೊರಪದರ ಬಿಡಿಸಿದರೆ ಒಳಗಿನದು ಕಪ್ಪು ದ್ರಾಕ್ಷಿಯಂತೆ ಕಾಣುತ್ತದೆ ಅಂತ ಆ ಹೆಸರು ಬಂತು. ನಮಗೆ ಕಾಣುವ ಕಂದು ಬಣ್ಣದ ಐರಿಸ್ ಇದರ ಮುಂದಿನ ತುದಿ. ಅದರ ಬೆನ್ನಿಗೆ ಕಣ್ಣೊಳಗಿನ ನೀರನ್ನು ತಯಾರಿಸುವ ಸಿಲಿಯರಿ ಬಾಡಿ ಇದೆ. ಹಿಂದೆ, ರೆಟಿನಾದ ಅಡಿಯಲ್ಲಿ ಹಾಸಿದಂತೆ ಇರುವುದು ಕೋರಾಯ್ಡ್. ಈ ಪದರಕ್ಕೆ ಉರಿಯೂತ ಬಂದರೆ, ಅಂದರೆ ಅಲ್ಲಿ ರಕ್ತನಾಳಗಳು ಹಿಗ್ಗಿ, ಸೋರಿ, ಬಿಳಿ ರಕ್ತಕಣಗಳು ಜಮಾಯಿಸಿದರೆ ಅದು ಯುವಿಯೈಟಿಸ್.

ಎಲ್ಲಿ ಬಂದಿದೆ ಅನ್ನುವುದರ ಮೇಲೆ ನಾಲ್ಕು ಬಗೆ ಮಾಡುತ್ತಾರೆ. ಮುಂಭಾಗದ್ದು, ನಡುವಿನದ್ದು, ಹಿಂಭಾಗದ್ದು, ಇಡೀ ಕಣ್ಣಿನದ್ದು. ಮುಂಭಾಗದ್ದೇ ಹೆಚ್ಚು ಜನರಿಗೆ ಬರುವುದು. ನಿಮ್ಮದು ಯಾವುದು ಅಂತ ಕೇಳಿ ಬರೆದಿಟ್ಟುಕೊಳ್ಳಿ. ಮುಂಭಾಗದ್ದಾದರೆ ಸಾಮಾನ್ಯವಾಗಿ ಹನಿ ಸಾಕು. ಹಿಂಭಾಗದವರೆಗೆ ಹನಿ ಸರಿಯಾಗಿ ತಲುಪುವುದಿಲ್ಲ, ಮಾತ್ರೆಯೋ ಇಂಜೆಕ್ಷನ್ನೋ ಬೇಕಾಗುತ್ತದೆ. “ಅವರಿಗೆ ಬರೀ ಡ್ರಾಪ್ಸ್ ಕೊಟ್ಟರು, ನನಗೆ ಯಾಕೆ ಇಷ್ಟೊಂದು ಮಾತ್ರೆ?” ಅನ್ನುವ ಪ್ರಶ್ನೆಗೆ ಉತ್ತರ ಇದೇ.

ಹಂತ 1: ಇದು ಮದ್ರಾಸ್ ಐ ಹೌದಾ ಅಲ್ವಾ ನೋಡಿ

ನಮ್ಮಲ್ಲಿ ಕಣ್ಣು ಕೆಂಪಾದರೆ ಎಲ್ಲರೂ ಮೊದಲು ಹೇಳುವುದು ಮದ್ರಾಸ್ ಐ. ಮೆಡಿಕಲ್ ಶಾಪಿನಲ್ಲಿ ಒಂದು ಬಾಟಲಿ ಕೊಂಡು ಹಾಕಿಕೊಳ್ಳುತ್ತೇವೆ. ನನ್ನ ತಂಗಿಯ ಮೊದಲ ಹತ್ತು ದಿನ ಹೀಗೇ ಕಳೆದುಹೋಯಿತು.

ಮದ್ರಾಸ್ ಐ ಆದರೆ ಕಣ್ಣು ಚುಚ್ಚುತ್ತದೆ, ಕೆರೆಯುತ್ತದೆ, ಗೀಜು ಕಟ್ಟುತ್ತದೆ, ಬೆಳಗ್ಗೆ ರೆಪ್ಪೆ ಅಂಟಿಕೊಂಡಿರುತ್ತದೆ. ಮನೆಯಲ್ಲಿ ಒಬ್ಬರಿಂದ ಒಬ್ಬರಿಗೆ ಹರಡುತ್ತದೆ. ಗೀಜು ಒರೆಸಿದರೆ ದೃಷ್ಟಿ ಮಾಮೂಲಿನಂತೆಯೇ ಇರುತ್ತದೆ.

ಮುಂಭಾಗದ ಯುವಿಯೈಟಿಸ್ ಬೇರೆ ಥರ. ಕಣ್ಣಿನ ಆಳದಲ್ಲಿ ನೋವು, ಹುಬ್ಬಿನ ತನಕ ಎಳೆದಂತೆ. ಬೆಳಕು ನೋಡೋಕೇ ಆಗಲ್ಲ, ಕಿಟಕಿ ಮುಚ್ಚಿ ಕೂರಬೇಕು ಅನ್ನಿಸುತ್ತದೆ. ನೀರು ಸುರಿಯುತ್ತದೆ, ಆದರೆ ಗೀಜು ಇರುವುದಿಲ್ಲ. ಕೆಂಪು ಬಣ್ಣ ಕಣ್ಣಿನ ಅಂಚಿಗಿಂತ ಕಪ್ಪುಗುಡ್ಡೆಯ ಸುತ್ತ ಬಳೆಯಂತೆ ಜಾಸ್ತಿ. ನೋಟ ಮಂಜು. ಸಾಮಾನ್ಯವಾಗಿ ಒಂದೇ ಕಣ್ಣಿಗೆ. ಇನ್ನೊಂದು ಸುಳಿವಿದೆ. ಚೆನ್ನಾಗಿರುವ ಕಣ್ಣಿಗೆ ಬೆಳಕು ಬಿದ್ದರೂ ಕೆಂಪಾದ ಕಣ್ಣು ನೋಯುತ್ತದೆ. ಎರಡೂ ಪಾಪೆಗಳು ಒಟ್ಟಿಗೇ ಕಿರಿದಾಗುವುದರಿಂದ, ಉರಿಯೂತ ಇರುವ ಐರಿಸ್ ಹಿಂಡಿದಂತಾಗುತ್ತದೆ. ಇದೊಂದರಿಂದಲೇ ಕಾಯಿಲೆ ತೀರ್ಮಾನವಾಗುವುದಿಲ್ಲ. ಆದರೆ ಹೀಗಾದರೆ ನಾಳೆಗೆ ಮುಂದೂಡಬೇಡಿ, ಅವತ್ತೇ ಕಣ್ಣಿನ ಡಾಕ್ಟರ್ ಬಳಿ ಹೋಗಿ.

ಹಿಂಭಾಗದ ಯುವಿಯೈಟಿಸ್‌ನಲ್ಲಿ ಇದ್ಯಾವುದೂ ಇಲ್ಲದೆ ಇರಬಹುದು. ಕಣ್ಣು ಬೆಳ್ಳಗೇ ಇರುತ್ತದೆ, ನೋವೂ ಇರುವುದಿಲ್ಲ. ಕಣ್ಣ ಮುಂದೆ ಕಪ್ಪು ಚುಕ್ಕೆ, ನೂಲಿನೆಳೆ ತೇಲುವುದು ಒಮ್ಮೆಗೇ ಹೆಚ್ಚುತ್ತದೆ. ಗೆರೆಗಳು ಸೊಟ್ಟಗೆ ಕಾಣುತ್ತವೆ. ನೋವಿಲ್ಲ ಅಂತ ಸುಮ್ನೆ ಇರುವವರೇ ಹೆಚ್ಚು. ಅದಕ್ಕೇ ಇದು ನನಗೆ ಹೆಚ್ಚು ಭಯ ಹುಟ್ಟಿಸುವ ಬಗೆ.

ರಾತ್ರಿಯಾದರೂ ಸರಿ, ತಕ್ಷಣ ಹೊರಡಬೇಕಾದ ಸಂದರ್ಭಗಳೂ ಇವೆ. ಪೊರೆ ಆಪರೇಷನ್ ಆದ ಮೇಲೆ ಅಥವಾ ಕಣ್ಣೊಳಗೆ ಇಂಜೆಕ್ಷನ್ ಕೊಟ್ಟ ಮೇಲೆ ಕಣ್ಣು ಕೆಂಪಾಗಿ, ನೋವು ಬಂದು, ನೋಟ ಕುಗ್ಗಿದರೆ ಅದು ಕಣ್ಣೊಳಗಿನ ಸೋಂಕು ಇರಬಹುದು. ವಿಪರೀತ ನೋವು, ವಾಂತಿ, ದೀಪದ ಸುತ್ತ ಬಣ್ಣದ ಬಳೆ ಕಂಡರೆ ಕಣ್ಣಿನ ಒತ್ತಡ ಏಕಾಏಕಿ ಏರಿರಬಹುದು.

ಇಲ್ಲಿ ಎರಡು ತಪ್ಪು ಆಗುತ್ತವೆ. ಒಂದು, ಮನೆಮದ್ದು. ನಂದಿಬಟ್ಟಲು ಹೂವಿನ ರಸ, ಎದೆಹಾಲು, ಹರಳೆಣ್ಣೆ, ಜೇನುತುಪ್ಪ. ಅಜ್ಜಿಯ ಮೇಲಿನ ಪ್ರೀತಿ ಪ್ರೀತಿಯೇ, ಆದರೆ ಇವು ಯಾವುವೂ ಕಣ್ಣೊಳಗಿನ ಪದರವನ್ನು ತಲುಪುವುದಿಲ್ಲ. ಸೋಂಕನ್ನು ಮಾತ್ರ ತಂದು ಹಾಕಬಹುದು.

ಎರಡನೆಯದು ಇನ್ನೂ ಅಪಾಯ: ಡಾಕ್ಟರ್ ನೋಡದೆ ಸ್ಟೀರಾಯ್ಡ್ ಹನಿ ಹಾಕುವುದು. ಸ್ಟೀರಾಯ್ಡ್ ಅಂದರೆ ಉರಿಯೂತವನ್ನು ಬೇಗ ತಣಿಸುವ ಔಷಧ. ಯುವಿಯೈಟಿಸ್‌ಗೆ ಅದೇ ಮುಖ್ಯ ಮದ್ದು. ಆದರೆ ಕೆಂಪಿಗೆ ಕಾರಣ ಕಾರ್ನಿಯಾದ ಮೇಲಿನ ಹರ್ಪಿಸ್ ವೈರಸ್ ಹುಣ್ಣೋ, ಭತ್ತದ ಗರಿ ಅಥವಾ ಕಬ್ಬಿನ ಎಲೆ ತಾಗಿ ಆದ ಫಂಗಸ್ ಹುಣ್ಣೋ ಆಗಿದ್ದರೆ, ಅದೇ ಹನಿ ಹುಣ್ಣನ್ನು ಬೆಳೆಸುತ್ತದೆ. ಮೊದಲೆರಡು ದಿನ ಕಣ್ಣು ಹಾಯೆನಿಸುತ್ತದೆ. ಅದೇ ಮೋಸ. ಹೊಲದಲ್ಲಿ ಕೆಲಸ ಮಾಡುವಾಗ ಕಣ್ಣಿಗೆ ಏನಾದರೂ ತಾಗಿದ್ದರೆ ಅದನ್ನು ಡಾಕ್ಟರ್‌ಗೆ ಮೊದಲೇ ಹೇಳಿ.

ಹಂತ 2: ಹೋಗುವ ಮುಂಚೆ ಒಂದು ಚೀಟಿ ಬರೆದುಕೊಳ್ಳಿ

ಕಣ್ಣು ತೋರಿಸಲು ಹೋದರೆ ಬೆನ್ನುನೋವು, ಬಾಯಿಹುಣ್ಣು ಅಂತೆಲ್ಲ ಕೇಳುತ್ತಾರೆ. ಸಂಬಂಧವಿಲ್ಲ ಅಂದುಕೊಂಡು ಎಷ್ಟೋ ಜನ ‘ಇಲ್ಲ’ ಅಂದುಬಿಡುತ್ತಾರೆ. ಸಂಬಂಧ ಇದೆ. ಯುವಿಯೈಟಿಸ್ ಬರುವುದು ಮುಖ್ಯವಾಗಿ ಎರಡು ದಾರಿಯಲ್ಲಿ. ಒಂದು, ಸೋಂಕು. ಇನ್ನೊಂದು, ಮೈಯನ್ನು ಕಾಯಬೇಕಾದ ರೋಗನಿರೋಧಕ ಶಕ್ತಿಯೇ ದಾರಿ ತಪ್ಪಿ ಸ್ವಂತ ಕಣ್ಣಿನ ಮೇಲೆ ತಿರುಗಿಬೀಳುವುದು. ಇದಕ್ಕೆ ಆಟೋಇಮ್ಯೂನ್ ಅನ್ನುತ್ತಾರೆ. ಕಣ್ಣನ್ನು ಮಾತ್ರ ನೋಡಿದರೆ ಎರಡೂ ಒಂದೇ ಥರ ಕಾಣಬಹುದು. ಬೇರ್ಪಡಿಸುವ ಸುಳಿವು ಎಷ್ಟೋ ಸಲ ನಿಮ್ಮ ಬಾಯಿಂದಲೇ ಬರಬೇಕು.

ಇವು ಇದ್ದರೆ ಬರೆದುಕೊಳ್ಳಿ:

ಬೆಳಗ್ಗೆ ಎದ್ದಾಗ ಸೊಂಟ ಬಿಗಿದಿದ್ದು, ಓಡಾಡಿದ ಮೇಲೆ ಸಡಿಲವಾಗುತ್ತದಾ? ಇದು ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ ಎಂಬ ಬೆನ್ನುಮೂಳೆಯ ಸಂಧಿವಾತ ಇರಬಹುದು. ಇಂಥವರಿಗೆ ಮುಂಭಾಗದ ಯುವಿಯೈಟಿಸ್ ಪದೇ ಪದೇ ಬರುತ್ತದೆ. ‘ಡಿಸ್ಕ್ ಸಮಸ್ಯೆ’ ಅಂತ ವರ್ಷಗಟ್ಟಲೆ ಮುಲಾಮು ಹಚ್ಚಿಕೊಂಡಿದ್ದವರಿಗೆ ನಿಜವಾದ ಕಾಯಿಲೆ ಗೊತ್ತಾಗುವುದು ಕೆಲವೊಮ್ಮೆ ಕಣ್ಣಾಸ್ಪತ್ರೆಯಲ್ಲೇ.

ಬಾಯಲ್ಲೂ ಗುಪ್ತಾಂಗದಲ್ಲೂ ಮತ್ತೆ ಮತ್ತೆ ಹುಣ್ಣು ಬರುತ್ತದಾ? ಕಿವಿಯಲ್ಲಿ ಗುಂಯ್ ಅನ್ನುವ ಸದ್ದು, ಚರ್ಮದಲ್ಲಿ ಬಿಳಿ ಮಚ್ಚೆ, ರೆಪ್ಪೆಗೂದಲು ಬೆಳ್ಳಗಾಗುವುದು ಇದೆಯಾ? ಕೀಲು ಬಾವು? ಮುಖದಲ್ಲೋ ಹಣೆಯಲ್ಲೋ ಸರ್ಪಸುತ್ತು ಆಗಿತ್ತಾ?

ಕೆಮ್ಮು, ಸಂಜೆ ಜ್ವರ, ತೂಕ ಇಳಿಯುವುದು, ಮನೆಯಲ್ಲಿ ಯಾರಿಗಾದರೂ ಟಿಬಿ? ನಮ್ಮ ದೇಶದಲ್ಲಿ ಈ ಪ್ರಶ್ನೆ ಯಾವತ್ತೂ ಬಿಡುವ ಹಾಗಿಲ್ಲ. ಟಿಬಿ ಶ್ವಾಸಕೋಶದಲ್ಲಿ ಏನೂ ತೋರದೆ ಕಣ್ಣಿನಲ್ಲಿ ಕಾಣಿಸಿಕೊಳ್ಳಬಹುದು.

ಕಳೆದ ಕೆಲವು ತಿಂಗಳಲ್ಲಿ ಜ್ವರ ಬಂದಿತ್ತಾ? 2006ರಲ್ಲಿ ಕರ್ನಾಟಕದಲ್ಲಿ ಚಿಕೂನ್‌ಗುನ್ಯಾ ಹಬ್ಬಿದಾಗ, ಜ್ವರ ಬಿಟ್ಟ ವಾರಗಳ ನಂತರ ಕಣ್ಣಿನ ಉರಿಯೂತದಿಂದ ಬಂದವರನ್ನು ಬೆಂಗಳೂರಿನ ಕಣ್ಣಿನ ವೈದ್ಯರು ಕಂಡು ದಾಖಲಿಸಿದರು. ಇಲಿ ಜ್ವರದ್ದೂ ಇಂಥದೇ ಕಥೆ. 1993ರ ಭಾರಿ ಪ್ರವಾಹದ ನಂತರ ಮದುರೆಯ ಸುತ್ತಮುತ್ತ ಯುವಿಯೈಟಿಸ್ ಒಟ್ಟೊಟ್ಟಿಗೆ ಕಾಣಿಸಿಕೊಂಡಿತು. ಕೆದಕಿ ನೋಡಿದಾಗ ಕಾರಣ ಇಲಿ ಜ್ವರದ ರೋಗಾಣು ಎಂದು ತಿಳಿಯಿತು. ಗದ್ದೆ ಕೆಲಸ, ದನಕರುಗಳ ಆರೈಕೆ, ಪ್ರವಾಹದ ನೀರಿನಲ್ಲಿ ನಡೆದದ್ದು, ಇವೆಲ್ಲ ಹೇಳಬೇಕಾದ ಮಾತುಗಳು.

ಜೊತೆಗೆ, ಇದುವರೆಗೆ ಹಾಕಿದ ಎಲ್ಲ ಹನಿಗಳ ಬಾಟಲಿಗಳನ್ನು ಒಂದು ಕವರಿನಲ್ಲಿ ಹಾಕಿಕೊಂಡು ಹೋಗಿ. ಖಾಲಿಯಾಗಿದ್ದರೂ ಸರಿ. ಪಾಪೆ ಹಿಗ್ಗಿಸಿ ನೋಡುವುದರಿಂದ ಕೆಲವು ಗಂಟೆ ಹತ್ತಿರದ್ದು ಮಂಜು, ಬಿಸಿಲು ಕಣ್ಣು ಕುಕ್ಕುತ್ತದೆ. ಬೈಕಿನಲ್ಲಿ ಒಬ್ಬರೇ ಹೋಗಬೇಡಿ.

ಹಂತ 3: ಪರೀಕ್ಷೆ, ವರದಿ ಅರ್ಥ ಮಾಡಿಕೊಳ್ಳಿ

ಗಲ್ಲ ಇಟ್ಟು ಕೂರಿಸಿ ನೋಡುವ ಯಂತ್ರದ ಹೆಸರು ಸ್ಲಿಟ್ ಲ್ಯಾಂಪ್. ತೆಳ್ಳನೆಯ ಬೆಳಕಿನ ಗೆರೆಯನ್ನು ಕಣ್ಣೊಳಗೆ ಬಿಟ್ಟು ದೊಡ್ಡದಾಗಿ ನೋಡುತ್ತಾರೆ. ಹೆಂಚಿನ ಮನೆಯಲ್ಲಿ ಬೆಳಗ್ಗೆ ಸಂದಿಯಿಂದ ಬಿಸಿಲುಕೋಲು ಬೀಳುತ್ತದಲ್ಲ, ಅದರಲ್ಲಿ ಮಾತ್ರ ಧೂಳಿನ ಕಣ ತೇಲುವುದು ಕಾಣುತ್ತದೆ. ಕೋಣೆಯ ಉಳಿದ ಗಾಳಿ ಶುದ್ಧವಾಗಿರುವಂತೆ ತೋರುತ್ತದೆ. ಇಲ್ಲೂ ಹಾಗೇ. ಕಾರ್ನಿಯಾದ ಹಿಂದಿನ ನೀರಿನಲ್ಲಿ ತೇಲುವ ಬಿಳಿ ರಕ್ತಕಣಗಳು ಆ ಬೆಳಕಿನ ಗೆರೆಯಲ್ಲಿ ಕಾಣುತ್ತವೆ. ಇವಕ್ಕೆ ‘ಸೆಲ್ಸ್’ ಅನ್ನುತ್ತಾರೆ. ನಾಳಗಳಿಂದ ಸೋರಿದ ಪ್ರೋಟೀನಿನಿಂದ ನೀರು ಹೊಗೆ ತುಂಬಿದಂತೆ ಕಂಡರೆ ಅದು ‘ಫ್ಲೇರ್’.

ಒಂದು ಮಿಲಿಮೀಟರ್ ಚೌಕದ ಬೆಳಕಿನಲ್ಲಿ ಎಷ್ಟು ಕಣ ಕಂಡವು ಅಂತ ಎಣಿಸಿ ಅಂಕ ಕೊಡುತ್ತಾರೆ. 1ರಿಂದ 5 ಇದ್ದರೆ ಅರ್ಧ ಪ್ಲಸ್. 6ರಿಂದ 15 ಆದರೆ ಒಂದು ಪ್ಲಸ್. 16ರಿಂದ 25 ಎರಡು, 26ರಿಂದ 50 ಮೂರು, 50 ದಾಟಿದರೆ ನಾಲ್ಕು ಪ್ಲಸ್. 2005ರಲ್ಲಿ ಪ್ರಕಟವಾದ ಈ ಅಳತೆಯನ್ನು ಈಗ ಜಗತ್ತಿನಾದ್ಯಂತ ಬಳಸುತ್ತಾರೆ.

ಶುರುವಿನಲ್ಲಿ ಕೇಳಿದ ‘ನಿಲ್ಲಿಸಿದರೆ ಏನಾಗುತ್ತೆ?’ ಅನ್ನುವ ಪ್ರಶ್ನೆಗೆ ಉತ್ತರ ಇಲ್ಲೇ ಇದೆ. ನಾಲ್ಕು ದಿನಕ್ಕೆ ಕೆಂಪು ಹೋಗಿ, ನೋವು ನಿಂತು, ಕನ್ನಡಿಯಲ್ಲಿ ಕಣ್ಣು ಬೆಳ್ಳಗೆ ಕಾಣುವಾಗಲೂ ಒಳಗೆ ಎರಡು ಪ್ಲಸ್ ಸೆಲ್ಸ್ ತೇಲುತ್ತಿರಬಹುದು. ಅದು ನಿಮಗೂ ಗೊತ್ತಾಗಲ್ಲ, ನನಗೂ ಗೊತ್ತಾಗಲ್ಲ. ಆ ಯಂತ್ರಕ್ಕೆ ಮಾತ್ರ ಗೊತ್ತಾಗುತ್ತದೆ. ಹಾಗಾಗಿ ಪ್ರತಿ ಸಲ ಕೇಳಿ: “ಇವತ್ತು ಸೆಲ್ಸ್ ಎಷ್ಟಿದೆ ಡಾಕ್ಟ್ರೇ?” ತಂಗಿಯ ಡೈರಿಯಲ್ಲಿ ಪ್ರತಿ ಭೇಟಿಗೂ ಮೂರೇ ಸಾಲು ಇರುತ್ತವೆ. ದೃಷ್ಟಿ, ಸೆಲ್ಸ್, ಕಣ್ಣಿನ ಒತ್ತಡ. ನೀವೂ ಅಷ್ಟು ಬರೆದಿಟ್ಟರೆ ಆಸ್ಪತ್ರೆ ಬದಲಾಯಿಸಿದಾಗಲೂ ಉಪಯೋಗಕ್ಕೆ ಬರುತ್ತದೆ.

ಕಣ್ಣಿನ ಒತ್ತಡ ಅಂದರೆ ಒಳಗಿನ ನೀರಿನ ಒತ್ತಡ. 10ರಿಂದ 21ರ ಒಳಗೆ ಇದ್ದರೆ ಮಾಮೂಲು. ಹಿಂಭಾಗವನ್ನು ನೋಡಲು ಪಾಪೆ ಹಿಗ್ಗಿಸುತ್ತಾರೆ. ರೆಟಿನಾದಲ್ಲಿ ನೀರು ತುಂಬಿದೆಯಾ ಅಂತ ತಿಳಿಯಲು ಓಸಿಟಿ ಎಂಬ ಸ್ಕ್ಯಾನ್ ಮಾಡುತ್ತಾರೆ, ಅದು ಮುಟ್ಟದೆ ತೆಗೆಯುವ ಚಿತ್ರ, ನೋವಿಲ್ಲ. ಆಂಜಿಯೋಗ್ರಾಂ ಅಂದಾಗ ಹೃದಯದ್ದು ಅಂತ ಗಾಬರಿಯಾಗಬೇಡಿ. ಕೈನರಕ್ಕೆ ಹಳದಿ ಬಣ್ಣದ ದ್ರವ ಕೊಟ್ಟು ರೆಟಿನಾದ ಫೋಟೋ ತೆಗೆಯುತ್ತಾರೆ ಅಷ್ಟೇ. ಒಂದು ದಿನ ಮೂತ್ರ ಹಳದಿ ಹೋಗುತ್ತದೆ. ಅಲರ್ಜಿ ಇದ್ದರೆ ಮೊದಲೇ ಹೇಳಿ.

ರಕ್ತ ಪರೀಕ್ಷೆ ಎಲ್ಲರಿಗೂ ಬೇಡ. ಮೊದಲ ಸಲ, ಒಂದೇ ಕಣ್ಣು, ಮುಂಭಾಗದ್ದು, ಸೌಮ್ಯವಾಗಿದ್ದರೆ ಎಷ್ಟೋ ಡಾಕ್ಟರುಗಳು ಪರೀಕ್ಷೆ ಬರೆಯುವುದೇ ಇಲ್ಲ. ಮತ್ತೆ ಬಂದರೆ, ಎರಡೂ ಕಣ್ಣಿಗೆ ಬಂದರೆ, ಹಿಂಭಾಗದ್ದಾದರೆ ಮಾಡಿಸುತ್ತಾರೆ. ಎದೆಯ ಎಕ್ಸ್‌ರೇ ಅಥವಾ ಸಿಟಿ, ಟಿಬಿಗೆ ಮಾಂಟು ಪರೀಕ್ಷೆ, ಸಿಫಿಲಿಸ್ ಮತ್ತು ಎಚ್‌ಐವಿ ಪರೀಕ್ಷೆ, ಎಚ್‌ಎಲ್‌ಎ ಬಿ27 ಎಂಬ ವಂಶವಾಹಿಯ ಪರೀಕ್ಷೆ. ಸಿಫಿಲಿಸ್ ಹೆಸರು ಕೇಳಿ ಅವಮಾನ ಅಂದುಕೊಳ್ಳಬೇಡಿ. ಅದು ಯಾವ ರೂಪದ ಯುವಿಯೈಟಿಸ್ ಆಗಿಯಾದರೂ ಬರಬಹುದು, ಮತ್ತು ಪೆನಿಸಿಲಿನ್‌ನಿಂದ ವಾಸಿಯಾಗುತ್ತದೆ. ಹಾಗಾಗಿ ರಕ್ತ ಪರೀಕ್ಷೆ ಬರೆಯುವವರಿಗೆಲ್ಲ ಇದನ್ನೂ ಸೇರಿಸಿಬಿಡುತ್ತಾರೆ.

ವರದಿ ಓದುವಾಗ ಜನ ಎಡವುವುದು ಎರಡು ಕಡೆ. ಮಾಂಟು ಪರೀಕ್ಷೆಯಲ್ಲಿ ಮುಂಗೈಗೆ ಚುಚ್ಚಿದ ಜಾಗದ ಗಡಸು ಉಬ್ಬನ್ನು 48ರಿಂದ 72 ಗಂಟೆಯೊಳಗೆ ಅಳೆಸಬೇಕು. ‘ಆಮೇಲೆ ಹೋದರಾಯ್ತು’ ಅಂದರೆ ಪರೀಕ್ಷೆಯೇ ವ್ಯರ್ಥ. ಪಾಸಿಟಿವ್ ಬಂದರೆ ಟಿಬಿ ರೋಗಾಣು ಎಂದಾದರೂ ಮೈಯೊಳಗೆ ಹೊಕ್ಕಿದ್ದಿರಬಹುದು ಅಂತ ಮಾತ್ರ ಅರ್ಥ. ಕಣ್ಣಿನಲ್ಲಿ ಟಿಬಿ ಇದೆಯಾ ಅನ್ನುವುದನ್ನು ಡಾಕ್ಟರ್ ಕಣ್ಣಿನ ಲಕ್ಷಣ ಸೇರಿಸಿ ತೀರ್ಮಾನಿಸಬೇಕು. ಅದೇ ರೀತಿ ಎಚ್‌ಎಲ್‌ಎ ಬಿ27 ಪಾಸಿಟಿವ್ ಅನ್ನುವುದು ಕಾಯಿಲೆಯ ಹೆಸರಲ್ಲ. ಆ ವಂಶವಾಹಿ ಇದ್ದೂ ಏನೂ ಆಗದೆ ಬದುಕುವವರೇ ಹೆಚ್ಚು.

ಎಲ್ಲ ಪರೀಕ್ಷೆ ಮಾಡಿಯೂ ಕಾರಣ ಸಿಗದೆ ಇರುವುದು ಈ ಕಾಯಿಲೆಯಲ್ಲಿ ತೀರಾ ಸಾಮಾನ್ಯ. ಡಾಕ್ಟರ್‌ಗೆ ಗೊತ್ತಿಲ್ಲ ಅಂತ ಆಸ್ಪತ್ರೆ ಮೇಲೆ ಆಸ್ಪತ್ರೆ ಸುತ್ತಬೇಡಿ. ಕಾರಣ ಸಿಗದಿದ್ದರೂ ಚಿಕಿತ್ಸೆ ಇದೆ. ಆದರೆ ಹಿಂಭಾಗದ್ದೋ, ಪದೇ ಪದೇ ಬರುವುದೋ ಆಗಿದ್ದರೆ ಯುವಿಯಾ ವಿಭಾಗ ಇರುವ ದೊಡ್ಡ ಕಣ್ಣಾಸ್ಪತ್ರೆಗೆ ಒಮ್ಮೆ ತೋರಿಸುವುದು ಒಳ್ಳೆಯದು. ಎಲ್ಲಿದೆ ಅಂತ ನಿಮ್ಮ ಡಾಕ್ಟರನ್ನೇ ಕೇಳಿ, ಅವರಿಂದಲೇ ಪತ್ರ ಬರೆಸಿಕೊಂಡು ಹೋಗಿ.

ಹಂತ 4: ಹನಿ ಹಾಕುವುದನ್ನು ಸರಿಯಾಗಿ ಕಲಿಯಿರಿ

ಮುಂಭಾಗದ ಯುವಿಯೈಟಿಸ್‌ಗೆ ಸಾಮಾನ್ಯವಾಗಿ ಎರಡು ಹನಿ ಬರೆಯುತ್ತಾರೆ.

ಮೊದಲನೆಯದು ಸ್ಟೀರಾಯ್ಡ್, ಹೆಚ್ಚಾಗಿ ಪ್ರೆಡ್ನಿಸಲೋನ್ ಅಸಿಟೇಟ್ 1%. ಜೋರಾಗಿದ್ದಾಗ ಎಚ್ಚರ ಇರುವಷ್ಟು ಹೊತ್ತು ಗಂಟೆಗೊಮ್ಮೆ ಹಾಕಲು ಹೇಳುತ್ತಾರೆ. ಆಮೇಲೆ ದಿನಕ್ಕೆ ಆರು ಸಲ, ನಾಲ್ಕು ಸಲ, ಮೂರು, ಎರಡು, ಒಂದು ಅಂತ ವಾರವಾರ ಇಳಿಸುತ್ತಾರೆ. ನಿಮ್ಮ ಲೆಕ್ಕ ನಿಮ್ಮ ಚೀಟಿಯಲ್ಲಿರುವುದೇ. ಒಲೆ ಆರಿದ ಮೇಲೂ ಬೂದಿಯ ಅಡಿ ಕೆಂಡ ಇರುವ ಹಾಗೆ, ಕಡಿಮೆಯಾದ ಉರಿಯೂತ ಔಷಧ ಒಮ್ಮೆಗೇ ನಿಂತರೆ ಮತ್ತೆ ಹೊತ್ತಿಕೊಳ್ಳುತ್ತದೆ. ಎರಡನೇ ಸಲ ಹತ್ತಿದ್ದನ್ನು ತಣಿಸಲು ಮೊದಲಿಗಿಂತ ಹೆಚ್ಚು ದಿನ ಬೇಕಾಗಬಹುದು. ಹಾಗಾಗಿ ಇಳಿಸುವ ವಾರಗಳೂ ಚಿಕಿತ್ಸೆಯೇ.

ಈ ಔಷಧ ಹಾಲಿನಂತೆ ಬೆಳ್ಳಗಿರುತ್ತದೆ. ಮದ್ದು ತಳದಲ್ಲಿ ಕೂತಿರುತ್ತದೆ. ಪ್ರತಿ ಸಲ ಬಾಟಲಿಯನ್ನು ಚೆನ್ನಾಗಿ ಕುಲುಕಿ. ಕುಲುಕದೆ ಹಾಕಿದರೆ ಬರೀ ನೀರು ಬೀಳುತ್ತದೆ. ‘ಹನಿ ಹಾಕಿದರೂ ಕಡಿಮೆ ಆಗಲಿಲ್ಲ’ ಅನ್ನುವವರಿಗೆ ನಾನು ಕೇಳುವ ಮೊದಲ ಪ್ರಶ್ನೆ ಇದೇ.

ಎರಡನೆಯದು ಪಾಪೆ ಹಿಗ್ಗಿಸುವ ಹನಿ. ಹೋಮಟ್ರೋಪಿನ್, ಸೈಕ್ಲೋಪೆಂಟೋಲೇಟ್, ಅಟ್ರೋಪಿನ್ ಇವುಗಳಲ್ಲೊಂದು. ಹತ್ತಿರದ್ದು ಮಂಜಾಗುತ್ತದೆ, ಮೊಬೈಲ್ ಓದೋಕಾಗಲ್ಲ. ಅದಕ್ಕೇ ಜನ ಇದನ್ನು ಮೊದಲು ಬಿಡುತ್ತಾರೆ. ದಯವಿಟ್ಟು ಬಿಡಬೇಡಿ. ಉರಿಯೂತದಲ್ಲಿ ಐರಿಸ್ ಅಂಟಂಟಾಗಿ ಹಿಂದಿನ ಲೆನ್ಸಿಗೆ ಅಂಟಿಕೊಳ್ಳುತ್ತದೆ. ಪಾಪೆ ಸೊಟ್ಟಗಾಗುತ್ತದೆ. ಸುತ್ತ ಪೂರ್ತಿ ಅಂಟಿದರೆ ನೀರು ಹರಿಯುವ ದಾರಿ ಮುಚ್ಚಿ ಒತ್ತಡ ಏರುತ್ತದೆ. ಈ ಹನಿ ಪಾಪೆಯನ್ನು ಅಗಲಿಸಿ ಅಂಟದಂತೆ ನೋಡಿಕೊಳ್ಳುತ್ತದೆ. ಒಳಗಿನ ಸ್ನಾಯುವಿನ ಸೆಳೆತ ಬಿಡಿಸುವುದರಿಂದ ನೋವನ್ನೂ ಕಡಿಮೆ ಮಾಡುತ್ತದೆ. ಹೊರಗೆ ಹೋಗುವಾಗ ಕಪ್ಪು ಕನ್ನಡಕ ಹಾಕಿ, ಗಾಡಿ ಓಡಿಸಬೇಡಿ. ಅಟ್ರೋಪಿನ್ ಮಕ್ಕಳ ಕೈಗೆ ಸಿಗದಂತೆ ಎತ್ತಿಡಿ. ಬಾಯಿಗೆ ಹೋದರೆ ವಿಷ.

ಹಾಕುವ ಕ್ರಮ ಹೀಗೆ. ಕೈ ತೊಳೆಯಿರಿ. ತಲೆ ಹಿಂದಕ್ಕೆ ಬಾಗಿಸಿ, ಕೆಳರೆಪ್ಪೆಯನ್ನು ಮೆಲ್ಲಗೆ ಎಳೆದರೆ ಚೀಲದಂತಾಗುತ್ತದೆ. ಅದರೊಳಗೆ ಒಂದೇ ಹನಿ. ಬಾಟಲಿಯ ತುದಿ ರೆಪ್ಪೆಗೆ ತಾಗಬಾರದು. ಕಣ್ಣು ಮುಚ್ಚಿ, ಮೂಗಿನ ಪಕ್ಕದ ಮೂಲೆಯನ್ನು ಬೆರಳಿನಿಂದ ಎರಡು ನಿಮಿಷ ಒತ್ತಿ ಹಿಡಿಯಿರಿ. ಹನಿ ಗಂಟಲಿಗೆ ಇಳಿದು ಕಹಿ ಆಗುವುದು ತಪ್ಪುತ್ತದೆ, ಔಷಧ ಕಣ್ಣಿನಲ್ಲೇ ಉಳಿಯುತ್ತದೆ. ಎರಡು ಹನಿಗಳ ನಡುವೆ ಐದು ನಿಮಿಷ ಬಿಡಿ, ಇಲ್ಲವಾದರೆ ಎರಡನೆಯದು ಮೊದಲನೆಯದನ್ನು ತೊಳೆದುಬಿಡುತ್ತದೆ. ಬಾಟಲಿ ತೆರೆದ ದಿನಾಂಕವನ್ನು ಅದರ ಮೇಲೆ ಬರೆಯಿರಿ. ತಿಂಗಳಾದರೆ ಉಳಿದಿದ್ದರೂ ಬಿಸಾಡಿ.

ಮೆಡಿಕಲ್ ಶಾಪಿನಲ್ಲಿ ‘ಅದು ಸ್ಟಾಕಿಲ್ಲ, ಇದೂ ಅದೇ’ ಅಂತ ಬೇರೆ ಬಾಟಲಿ ಕೊಟ್ಟರೆ ಅದರ ಮೇಲೆ ಬರೆದಿರುವ ಔಷಧದ ಹೆಸರು ಓದಿ. ಫ್ಲೋರೋಮೆಥೋಲೋನ್, ಲೋಟಿಪ್ರೆಡ್ನಾಲ್ ಕೂಡ ಸ್ಟೀರಾಯ್ಡ್‌ಗಳೇ, ಆದರೆ ಶಕ್ತಿ ಕಡಿಮೆ. ಒಳಗಿನ ಜೋರು ಉರಿಯೂತಕ್ಕೆ ಸಾಲದೆ ಹೋಗಬಹುದು. ಕಂಪನಿ ಬದಲಾದರೆ ಅಡ್ಡಿಯಿಲ್ಲ. ಔಷಧ ಬದಲಾಗಬಾರದು.

ಹನಿ ನಡೆಯುವಷ್ಟು ಕಾಲ ಕಾಂಟ್ಯಾಕ್ಟ್ ಲೆನ್ಸ್ ಬೇಡ. ಸ್ಟೀರಾಯ್ಡ್ ಹನಿಯಿಂದ ಕೆಲವರಿಗೆ ಕಣ್ಣಿನ ಒತ್ತಡ ಏರುತ್ತದೆ, ಯಾರಿಗೆ ಅಂತ ಮೊದಲೇ ಹೇಳೋಕಾಗಲ್ಲ. ಏರಿದ್ದು ನಿಮಗೆ ತಿಳಿಯುವುದೂ ಇಲ್ಲ. ಕಣ್ಣು ಚೆನ್ನಾಗಿದೆ ಅನ್ನಿಸಿದರೂ ಕರೆದ ದಿನ ಹೋಗಲೇಬೇಕು ಅನ್ನುವುದು ಇದಕ್ಕೇ.

ಹಂತ 5: ಮಾತ್ರೆ, ಇಂಜೆಕ್ಷನ್ ಬಂದಾಗ

ಸೋಂಕು ಕಾರಣವಾದರೆ ಮೊದಲು ಸೋಂಕಿನ ಔಷಧ. ಅದರ ರಕ್ಷಣೆಯಲ್ಲಿ ಮಾತ್ರ ಸ್ಟೀರಾಯ್ಡ್. ಟಿಬಿ ಅಂತ ತೀರ್ಮಾನವಾದರೆ ಮಾತ್ರೆ ಸರ್ಕಾರದಿಂದ ಉಚಿತವಾಗಿ ಸಿಗುತ್ತದೆ. ಕಣ್ಣು ಎರಡೇ ತಿಂಗಳಿಗೆ ಸರಿಹೋಯಿತು ಅಂತ ನಡುವೆ ಬಿಡಬಾರದು. ಆ ಮಾತ್ರೆಗಳಲ್ಲಿ ಎಥಾಂಬ್ಯುಟಾಲ್ ಎಂಬುದೊಂದಿದೆ. ಅಪರೂಪಕ್ಕೆ ಅದು ಕಣ್ಣಿನ ನರಕ್ಕೇ ತೊಂದರೆ ಕೊಡುತ್ತದೆ. ಬಣ್ಣಗಳು, ಅದರಲ್ಲೂ ಕೆಂಪು-ಹಸಿರು ಮಸುಕಾದಂತೆ ಕಂಡರೆ ತಕ್ಷಣ ತಿಳಿಸಿ.

ಸೋಂಕಿಲ್ಲದ, ಹಿಂಭಾಗದ ಉರಿಯೂತಕ್ಕೆ ಪ್ರೆಡ್ನಿಸಲೋನ್ ಮಾತ್ರೆ. ಆರಂಭದಲ್ಲಿ ದಿನಕ್ಕೆ ತೂಕದ ಒಂದು ಕಿಲೋಗೆ ಸುಮಾರು 1 ಮಿಲಿಗ್ರಾಂ ಲೆಕ್ಕದಲ್ಲಿ ಕೊಡುತ್ತಾರೆ. ಬೆಳಗ್ಗೆ ತಿಂಡಿ ತಿಂದ ಮೇಲೆ ನುಂಗಬೇಕು. ಹಸಿವು ಹೆಚ್ಚುತ್ತದೆ, ಮುಖ ಊದುತ್ತದೆ, ನಿದ್ದೆ ಕೆಡುತ್ತದೆ, ಸಿಟ್ಟು ಬರುತ್ತದೆ. ಮನೆಯವರಿಗೆ ಮೊದಲೇ ಹೇಳಿಡಿ, ಅದು ಔಷಧದ ಸಿಟ್ಟು. ಶುಗರ್, ಬಿಪಿ ಇದ್ದರೆ ಆ ಡಾಕ್ಟರ್‌ಗೂ ತಿಳಿಸಲೇಬೇಕು. ಇದನ್ನು ಏಕಾಏಕಿ ನಿಲ್ಲಿಸಿದರೆ ಕಣ್ಣಿಗೆ ಮಾತ್ರವಲ್ಲ, ಜೀವಕ್ಕೇ ಅಪಾಯ. ಹೊರಗಿನಿಂದ ಸ್ಟೀರಾಯ್ಡ್ ಬರುತ್ತಿದ್ದಾಗ ಮೈಯ ಗ್ರಂಥಿ ತನ್ನದನ್ನು ತಯಾರಿಸುವುದನ್ನು ನಿಲ್ಲಿಸಿರುತ್ತದೆ. ಮತ್ತೆ ಶುರು ಮಾಡಲು ಅದಕ್ಕೆ ಸಮಯ ಬೇಕು. ಊರಿಗೆ ಹೋಗುವಾಗ ಮಾತ್ರೆ ಮರೆತರೆ ಅಲ್ಲಿಯ ಅಂಗಡಿಯಲ್ಲೇ ಕೊಂಡುಕೊಳ್ಳಿ, ‘ನಾಲ್ಕು ದಿನ ತಾನೆ’ ಅನ್ನಬೇಡಿ.

ಸ್ಟೀರಾಯ್ಡ್ ಇಳಿಸಿದಾಗಲೆಲ್ಲ ಕಾಯಿಲೆ ಮರುಕಳಿಸಿದರೆ, ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಬೇರೆ ಮಾತ್ರೆಗಳು ಬರುತ್ತವೆ. ಮೆಥೋಟ್ರೆಕ್ಸೇಟ್, ಅಜಾಥಯೋಪ್ರಿನ್, ಮೈಕೋಫಿನೊಲೇಟ್. ಇವು ಕೆಲಸ ಶುರು ಮಾಡಲು ವಾರಗಳು, ತಿಂಗಳುಗಳೇ ಹಿಡಿಯುತ್ತವೆ.

ಈ ಒಂದು ಸಾಲನ್ನು ಎರಡು ಸಲ ಓದಿ. ಮೆಥೋಟ್ರೆಕ್ಸೇಟ್ ವಾರಕ್ಕೆ ಒಂದೇ ದಿನ. ದಿನಾ ನುಂಗಿ ಜೀವ ಕಳೆದುಕೊಂಡವರಿದ್ದಾರೆ. ಚೀಟಿಯ ಮೇಲೆ ‘ಭಾನುವಾರ ಮಾತ್ರ’ ಅಂತ ದೊಡ್ಡದಾಗಿ ಕನ್ನಡದಲ್ಲಿ ಬರೆಸಿ, ಡಬ್ಬಿಗೂ ಅಂಟಿಸಿ. ಜೊತೆಗೆ ಕೊಡುವ ಫೋಲಿಕ್ ಆ್ಯಸಿಡ್ ಬೇರೆ ದಿನದ್ದು, ಎರಡನ್ನೂ ಅದಲುಬದಲು ಮಾಡಿಕೊಳ್ಳಬೇಡಿ. ಮದ್ಯ ಮುಟ್ಟಬೇಡಿ. ರಕ್ತ ಮತ್ತು ಲಿವರ್ ಪರೀಕ್ಷೆ ಹೇಳಿದ ದಿನ ಮಾಡಿಸಿ. ಮಗು ಬೇಕು ಅನ್ನುವ ಯೋಚನೆ ಇದ್ದರೆ ಗಂಡಸರಾಗಲಿ ಹೆಂಗಸರಾಗಲಿ ಮೊದಲೇ ಹೇಳಿ. ಮೆಥೋಟ್ರೆಕ್ಸೇಟ್, ಮೈಕೋಫಿನೊಲೇಟ್ ಎರಡೂ ಹೊಟ್ಟೆಯಲ್ಲಿರುವ ಮಗುವಿಗೆ ಹಾನಿ ಮಾಡುತ್ತವೆ.

ಇವಕ್ಕೂ ಬಗ್ಗದಿದ್ದರೆ ಅಡಾಲಿಮುಮ್ಯಾಬ್ ಎಂಬ ಇಂಜೆಕ್ಷನ್ ಇದೆ. 2016ರಲ್ಲಿ ಅಮೆರಿಕ ಮತ್ತು ಯುರೋಪಿನಲ್ಲಿ ಸೋಂಕಿಲ್ಲದ ಯುವಿಯೈಟಿಸ್‌ಗೆ ಒಪ್ಪಿಗೆ ಸಿಕ್ಕಿತು. ದುಬಾರಿ. 2014ರಿಂದ ಭಾರತದಲ್ಲೇ ತಯಾರಾದ ಇದರ ಸಮಾನ ಔಷಧ ಸಿಗುತ್ತಿದೆ, ಬೆಲೆ ಕಡಿಮೆ, ಕೇಳಿ ನೋಡಿ. ಮಲಗಿರುವ ಟಿಬಿಯನ್ನು ಇದು ಎಬ್ಬಿಸಬಹುದು, ಆದ್ದರಿಂದ ಟಿಬಿ ಪರೀಕ್ಷೆ ಆಗದೆ ಶುರು ಮಾಡಬಾರದು. ಈ ಯಾವ ಔಷಧ ನಡೆಯುವಾಗಲೂ ಲಸಿಕೆ ಹಾಕಿಸುವ ಮುನ್ನ ಹೇಳಿ, ಜೀವಂತ ರೋಗಾಣು ಇರುವ ಲಸಿಕೆಗಳು ಬೇಡ.

ಕಣ್ಣಿನ ಪಕ್ಕಕ್ಕೋ ಒಳಗೋ ಕೊಡುವ ಸ್ಟೀರಾಯ್ಡ್ ಇಂಜೆಕ್ಷನ್ ಹೆಸರು ಕೇಳಿದರೇ ಮೈ ಜುಂ ಅನ್ನುತ್ತದೆ, ನಿಜ. ಕಣ್ಣನ್ನು ಮರಗಟ್ಟಿಸಿ ಕೊಡುತ್ತಾರೆ, ಕೆಲವೇ ನಿಮಿಷದ ಕೆಲಸ. ಆಮೇಲೆ ಒತ್ತಡ ಏರುತ್ತದಾ, ಪೊರೆ ಬೆಳೆಯುತ್ತದಾ ಅಂತ ಗಮನಿಸುತ್ತಾರೆ.

ಹಂತ 6: ಕಣ್ಣು ಶಾಂತವಾದ ಮೇಲೆ

ಪದೇ ಪದೇ ಉರಿಯೂತ ಬಂದ ಕಣ್ಣಿಗೆ ಪೊರೆ ಬೇಗ ಬರುತ್ತದೆ. ಕಾಯಿಲೆಯೂ ಕಾರಣ, ಸ್ಟೀರಾಯ್ಡೂ ಕಾರಣ. ಆಪರೇಷನ್‌ಗೆ ಆತುರ ಬೇಡ. ಕಣ್ಣು ಕನಿಷ್ಠ ಮೂರು ತಿಂಗಳು ಪೂರ್ತಿ ಶಾಂತವಾಗಿರಬೇಕು ಅನ್ನುವುದು ಸಾಮಾನ್ಯ ನಿಯಮ. ಉಚಿತ ಶಿಬಿರದಲ್ಲಿ ಪೊರೆ ತೆಗೆಸಲು ಹೊರಟಿದ್ದರೆ ನಿಮಗೆ ಯುವಿಯೈಟಿಸ್ ಇತ್ತು ಅಂತ ಅಲ್ಲಿ ಬಾಯಿಬಿಟ್ಟು ಹೇಳಿ.

ಸಿಗರೇಟು, ಬೀಡಿ ಬಿಡಿ. ಸೇದುವವರಲ್ಲಿ ಯುವಿಯೈಟಿಸ್ ಹೆಚ್ಚು, ರೆಟಿನಾಕ್ಕೆ ನೀರು ತುಂಬುವುದೂ ಹೆಚ್ಚು. ಊಟದ ಪಥ್ಯ ಕೇಳುತ್ತೀರಿ. ಬದನೆಕಾಯಿ, ಮೊಟ್ಟೆ, ನಂಜಿನ ಪದಾರ್ಥ ಅಂತ ಬಿಡಬೇಕಾಗಿಲ್ಲ. ಸ್ಟೀರಾಯ್ಡ್ ಮಾತ್ರೆ ಇದ್ದಾಗ ಉಪ್ಪು, ಸಕ್ಕರೆ ಕಡಿಮೆ ಮಾಡಿ ಸಾಕು.

ಅಪ್ಪ ಅಮ್ಮಂದಿರಿಗೆ ಒಂದು ಮಾತು. ಮಗುವಿಗೆ ಕೀಲು ಬಾವಿನ ಸಂಧಿವಾತ ಇದ್ದರೆ, ಕಣ್ಣು ಬೆಳ್ಳಗಿದ್ದು ಮಗು ಆಡಿಕೊಂಡಿದ್ದರೂ ಸ್ಲಿಟ್ ಲ್ಯಾಂಪ್ ಪರೀಕ್ಷೆ ಬೇಕು. ಅಪಾಯ ಹೆಚ್ಚಿರುವ ಮಕ್ಕಳಿಗೆ ಮೂರು ತಿಂಗಳಿಗೊಮ್ಮೆ. ಈ ಮಕ್ಕಳ ಯುವಿಯೈಟಿಸ್ ಸದ್ದಿಲ್ಲದೆ ಬರುತ್ತದೆ. ನೋವಿಲ್ಲ, ಕೆಂಪಿಲ್ಲ. ಒಂದು ಕಣ್ಣು ಮಂಜಾಗಿದೆ ಅಂತ ಮಗು ತಾನಾಗಿ ಹೇಳುವುದಿಲ್ಲ.

ಹಂತ 7: ಮತ್ತೆ ಬಂದರೆ

ಬರಬಹುದು. ನೀವು ಏನೋ ತಪ್ಪು ಮಾಡಿದಿರಿ ಅಂತಲ್ಲ. ಎಷ್ಟೋ ಜನರಿಗೆ ಇದು ಬಂದು ಹೋಗುವ ಕಾಯಿಲೆ. ಕೆಲವು ಸಲ ಆದ ಮೇಲೆ ಕೆಂಪಾಗುವ ಹಿಂದಿನ ದಿನವೇ ನಿಮಗೆ ಗೊತ್ತಾಗತೊಡಗುತ್ತದೆ. ಟ್ಯೂಬ್‌ಲೈಟ್ ಯಾಕೋ ಚುಚ್ಚುತ್ತಿದೆ, ಕಣ್ಣು ಭಾರ ಅನ್ನಿಸುತ್ತದೆ.

ಆಗ ಬೀರುವಿನಲ್ಲಿರುವ ಹಳೇ ಬಾಟಲಿ ತೆಗೆದು ಹಾಕಿಕೊಳ್ಳಬೇಡಿ. ಈ ಸಲದ ಕೆಂಪು ಹರ್ಪಿಸ್ ಆಗಿರಬಹುದು. ನಿಮ್ಮದೇ ಆದ ತುರ್ತು ಕ್ರಮವನ್ನು ಡಾಕ್ಟರ್ ಬರೆದುಕೊಟ್ಟಿದ್ದರೆ ಅದರಂತೆ ಮಾಡಿ. ಇಲ್ಲದಿದ್ದರೆ ಆಸ್ಪತ್ರೆಗೆ ಫೋನ್ ಮಾಡಿ. ‘ಕಣ್ಣು ಕೆಂಪಾಗಿದೆ’ ಅಂತಷ್ಟೇ ಹೇಳಿದರೆ ಮುಂದಿನ ವಾರದ ದಿನಾಂಕ ಕೊಟ್ಟುಬಿಡಬಹುದು. ಹೀಗೆ ಹೇಳಿ: “ನಾನು ಯುವಿಯೈಟಿಸ್ ಪೇಶಂಟ್. ಬಲಗಣ್ಣು. ನಿನ್ನೆ ಸಂಜೆಯಿಂದ ಬೆಳಕು ನೋಡೋಕಾಗ್ತಿಲ್ಲ, ನೋಟ ಮಂಜಾಗಿದೆ. ಹನಿ ನಿಲ್ಲಿಸಿ ಮೂರು ತಿಂಗಳಾಯ್ತು. ಇವತ್ತೇ ನೋಡಬೇಕು.”